ಹುಡುಗ ಯಾವ ಜೈಲಲ್ಲಿದ್ದಾನೆ ಅಂತ ಹುಡುಕಿದ ರಾತ್ರಿ

ಎರಡು ವರ್ಷದ ಹಿಂದಿನ ಮಾತು. ಅಕ್ಟೋಬರ್ ತಿಂಗಳು, ರಾತ್ರಿ ಎರಡು ಗಂಟೆ. ದಾವಣಗೆರೆಯಿಂದ ಫೋನ್ ಬಂತು. ನಮ್ಮ ತವರಿನ ಬೀದಿಯ ಅಕ್ಕ. ನಾನು ಚಿಕ್ಕವಳಿದ್ದಾಗ ಜಡೆ ಹಾಕಿ ಸ್ಕೂಲಿಗೆ ಕಳಿಸಿದವರು. "ನಮ್ಮ ಹುಡುಗನ್ನ ಪೊಲೀಸ್ನೋರು ಹಿಡ್ಕಂಡು ಹೋಗ್ಯಾರಂತೆ ಕಣೇ. ಅವನ ರೂಮಿನ ಹುಡುಗ ಫೋನ್ ಮಾಡಿದ್ದ. ಎಲ್ಲಿಗೆ ಅಂತ ಅವನಿಗೂ ಗೊತ್ತಿಲ್ಲ. ನೀನೇ ಏನಾರ ಮಾಡು" ಅಂದರು. ಮುಂದೆ ಅವರಿಗೆ ಮಾತು ಹೊರಡಲಿಲ್ಲ.

ನಾನಿರುವುದು ಡಾಲಸ್ ಹತ್ತಿರ. ಹುಡುಗ ಓದುತ್ತಿದ್ದದ್ದು ಪಶ್ಚಿಮ ಟೆಕ್ಸಾಸ್‌ನಲ್ಲಿ. ಡಾಲಸ್‌ಗೆ ಬಂದು ವಾಪಸ್ ಹೋಗುವಾಗ ಹೈವೇಯಲ್ಲಿ ನಿಲ್ಲಿಸಿದ್ದಾರೆ. ಹಿಂದಿನ ವರ್ಷದ ಒಂದು ಸ್ಪೀಡಿಂಗ್ ಟಿಕೆಟ್ ಇತ್ತಂತೆ. ಕೋರ್ಟಿನ ಕಾಗದ ಹಳೇ ರೂಮಿನ ವಿಳಾಸಕ್ಕೆ ಹೋಗಿದೆ. ಇವನು ಹಾಜರಾಗಿಲ್ಲ, ವಾರಂಟ್ ಆಗಿದೆ. "ವಾರಂಟ್ ಇದೆ ಅಂತಿದ್ದಾರೆ" ಅಂತ ಗೆಳೆಯನಿಗೆ ಒಂದು ಮೆಸೇಜ್ ಕಳಿಸಿದ್ದಾನೆ. ಆಮೇಲೆ ಫೋನ್ ಆಫ್.

ದಂಡ ಕಟ್ಟಿ ಮುಗಿಸುವಂಥ ಸಣ್ಣ ತಪ್ಪಿಗೂ ಇಲ್ಲಿ ಬೇಡಿ ಹಾಕಿ ಕರೆದುಕೊಂಡು ಹೋಗಬಹುದು. ಇದೇ ಟೆಕ್ಸಾಸ್‌ನ ಲಾಗೋ ವಿಸ್ಟಾದಲ್ಲಿ ಸೀಟ್ ಬೆಲ್ಟ್ ಹಾಕದ್ದಕ್ಕೆ ಒಬ್ಬ ತಾಯಿಯನ್ನು ಬಂಧಿಸಿದ್ದರು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 2001ರಲ್ಲಿ 5-4ರ ತೀರ್ಪು ಪೊಲೀಸರ ಪರವಾಗಿ ಬಂತು. ಹಾಗಾಗಿ ಹಿಡಿದದ್ದು ಕಾನೂನುಬದ್ಧವೇ. ನನ್ನ ಚಿಂತೆ ಇದ್ದದ್ದು ಒಂದೇ. ಹುಡುಗ ಎಲ್ಲಿ?

ಊರಲ್ಲಿರುವವರಿಗೆ ಇದು ಅರ್ಥವಾಗುವುದು ಕಷ್ಟ. ಅಮೆರಿಕಾದಲ್ಲಿ ಹೀಗೆ ಹಿಡಿದವರನ್ನು ಸಾಮಾನ್ಯವಾಗಿ ಮೊದಲು ಇಡುವುದು ಕೌಂಟಿ ಜೈಲಿನಲ್ಲಿ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಆ ಜೈಲನ್ನು ಹೆಚ್ಚಿನ ಕಡೆ ನಡೆಸುವವರು ಜನ ವೋಟು ಹಾಕಿ ಆರಿಸಿದ ಪೊಲೀಸ್ ಅಧಿಕಾರಿ, ಶೆರಿಫ್. ಟೆಕ್ಸಾಸ್ ಒಂದರಲ್ಲೇ 254 ಕೌಂಟಿಗಳಿವೆ. ಇಡೀ ದೇಶದಲ್ಲಿ 3,100ಕ್ಕೂ ಜಾಸ್ತಿ. ಯಾರು ಯಾವ ಜೈಲಲ್ಲಿದ್ದಾರೆ ಅಂತ ಎಲ್ಲ ಕಡೆಯದನ್ನೂ ಒಟ್ಟಿಗೆ ತೋರಿಸುವ ಸರ್ಕಾರಿ ಪಟ್ಟಿ ಇಲ್ಲ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸೆರೆಮನೆಗಳಿಗೆ ಒಂದು ಹುಡುಕಾಟದ ಪುಟವಿದೆ, 1982ರಿಂದ ಈಚೆಗೆ ಇದ್ದವರ ಹೆಸರೆಲ್ಲ ಅಲ್ಲಿ ಸಿಗುತ್ತದೆ. ರಾಜ್ಯದ ಸೆರೆಮನೆಗಳಿಗೆ ಬೇರೆ. ವಲಸೆ ಇಲಾಖೆ ಹಿಡಿದವರಿಗೆ ಇನ್ನೊಂದು. ನಿನ್ನೆ ರಾತ್ರಿ ಹಿಡಿದ ಹುಡುಗ ಇದ್ಯಾವುದರಲ್ಲೂ ಇರುವುದಿಲ್ಲ.

ದೊಡ್ಡ ಕೌಂಟಿಗಳಲ್ಲಿ ತೊಂದರೆ ಕಡಿಮೆ. ಶೆರಿಫ್ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಾಕು, ಬುಕಿಂಗ್ (ಜೈಲಿನ ದಾಖಲೆಗೆ ಸೇರಿಸುವುದು) ಆದ ಸಮಯ, ಆರೋಪ, ಬಾಂಡ್ (ಜಾಮೀನಿನ ಮೊತ್ತ) ಎಷ್ಟು ಅಂತೆಲ್ಲ ಬರುತ್ತದೆ. ಹಳ್ಳಿಗಾಡಿನ ಕೌಂಟಿಯ ಕಥೆಯೇ ಬೇರೆ. ಗೆಳೆಯನ ಹತ್ತಿರ ಅವನ ಕೊನೆಯ ಲೊಕೇಶನ್ ಇತ್ತು. ಯಾವ ಕೌಂಟಿ ಅಂತ ಮ್ಯಾಪಿನಲ್ಲಿ ನೋಡಿದೆ. ಶೆರಿಫ್ ಕಚೇರಿಗೆ ಒಂದೇ ಒಂದು ಪುಟ. ಕುದುರೆ ಮೇಲೆ ಕೂತವರ ಒಂದು ಹಳೇ ಫೋಟೋ, ವಿಳಾಸ, ಒಂದು ಫೋನ್ ನಂಬರ್. ಕೈದಿಗಳ ಪಟ್ಟಿ ಇಲ್ಲವೇ ಇಲ್ಲ.

ಗೂಗಲ್ ಮಾಡಿದರೆ ಬಂದದ್ದು ಬೇರೆಯವರ ಸೈಟುಗಳು. "ದಾಖಲೆ ಸಿಕ್ಕಿದೆ" ಅಂತ ಒಂದು ಪಟ್ಟಿ ಉದ್ದಕ್ಕೆ ಓಡುತ್ತಾ ಹೋಗುತ್ತದೆ. ಕೊನೆಗೆ ಕ್ರೆಡಿಟ್ ಕಾರ್ಡ್ ಕೇಳುತ್ತದೆ. ಗಾಬರಿಯಲ್ಲಿ ನಾನೂ ದುಡ್ಡು ಕಟ್ಟಿದೆ. ಸಿಕ್ಕಿದ್ದು ಅದೇ ಹೆಸರಿನ, ಐವತ್ತು ದಾಟಿದ ಯಾರದೋ ಹಳೇ ವಿಳಾಸ. ದಯವಿಟ್ಟು ನೀವು ಕಟ್ಟಬೇಡಿ. ಸರ್ಕಾರದ ಪಟ್ಟಿಯಲ್ಲೇ ಇನ್ನೂ ಏರದ ಹೆಸರು ಅವರ ಹತ್ತಿರ ಎಲ್ಲಿಂದ ಬರಬೇಕು?

ಜೈಲಿಗೆ ನೇರ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. ಜೈಲಿನಲ್ಲಿ ರಾತ್ರಿಯಿಡೀ ಜನ ಇದ್ದೇ ಇರುತ್ತಾರಲ್ಲ. ಒಬ್ಬ ಗಂಡಸು ಎತ್ತಿದ. ಹೆಸರು ಹೇಳಿದೆ. ಆ ಹೆಸರಿನವರು ಯಾರೂ ಇಲ್ಲ ಅಂದ. ಎದೆ ಧಸಕ್ ಅಂತು.

ಆಮೇಲೆ ಹೊಳೆಯಿತು. ನಾನು ಹೇಳಿದ್ದು ನಾವು ಮನೆಯಲ್ಲಿ ಕರೆಯುವ ಹೆಸರು. ಇಲ್ಲಿ ಪಟ್ಟಿ ಇರುವುದು ಸರ್‌ನೇಮ್ ಮೇಲೆ. ನಮ್ಮ ಕಡೆ ಸರ್‌ನೇಮ್ ಎಲ್ಲಿದೆ? ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರನ್ನೇ ಆ ಜಾಗಕ್ಕೆ ತುಂಬಿಸಿರುತ್ತೇವೆ. ಒಂದೇ ಹೆಸರಿದ್ದವರಿಗಂತೂ ಆ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ವೀಸಾದಲ್ಲಿ ಬಂದಿರುತ್ತದೆ. ಅಕ್ಕನಿಗೆ ಮತ್ತೆ ಫೋನ್ ಮಾಡಿ ಪಾಸ್‌ಪೋರ್ಟ್ ಜೆರಾಕ್ಸ್ ವಾಟ್ಸಾಪ್ ಮಾಡಿಸಿಕೊಂಡೆ. ಇನ್ನೊಂದು ಸಲ ಜೈಲಿಗೆ ಫೋನ್. ಈ ಸಲ ಅವರಪ್ಪನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬಿ ಫಾರ್ ಬಾಯ್, ಎ ಫಾರ್ ಆಪಲ್. ಹುಟ್ಟಿದ ತಾರೀಕನ್ನೂ ಕೊಟ್ಟೆ.

"ಇಲ್ಲ ಮ್ಯಾಮ್. ಆದರೆ ನಮ್ಮಲ್ಲಿ ಜಾಗ ಇಲ್ಲದಾಗ ಪಕ್ಕದ ಕೌಂಟಿಗೆ ಕಳಿಸ್ತೀವಿ. ಅಲ್ಲಿ ಕೇಳಿ ನೋಡಿ" ಅಂದ.

ಅದನ್ನು ಯಾವ ವೆಬ್‌ಸೈಟೂ ನನಗೆ ಹೇಳುತ್ತಿರಲಿಲ್ಲ. ಸಣ್ಣ ಕೌಂಟಿಗಳು ಹೀಗೆ ದುಡ್ಡು ಕೊಟ್ಟು ಬೇರೆಯವರ ಜೈಲಲ್ಲಿ ಕೈದಿಗಳನ್ನು ಇಡುವುದು ಟೆಕ್ಸಾಸ್‌ನಲ್ಲಿ ಮಾಮೂಲು. ಪಕ್ಕದ ಕೌಂಟಿಯಲ್ಲಿ ಒಬ್ಬ ಹೆಂಗಸು ಫೋನ್ ಎತ್ತಿದರು. ಆಗ ನಾಲ್ಕು ಇಪ್ಪತ್ತು. "ಇದ್ದಾನೆ. ಈಗಷ್ಟೇ ಬುಕಿಂಗ್ ಮುಗೀತು. ಏನಾದರೂ ಔಷಧಿ ತಗೋತಾನಾ?" ಅಂತ ಅವರೇ ಕೇಳಿದರು. ಹುಡುಗನಿಗೆ ಉಬ್ಬಸ. ಇನ್‌ಹೇಲರ್ ಕಾರಿನಲ್ಲೇ ಉಳಿದಿತ್ತು. ಹೇಳಿದೆ. ಬರೆದುಕೊಂಡರು. ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಆ ಹೆಂಗಸಿಗೆ ಋಣಿ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಜೈಲಿನ ಹೆಸರುಗಳು ಎಲ್ಲರಿಗೂ ಕಾಣುವ ಹಾಗೆ ಇರಬೇಕಾ ಅಂತ ನಮ್ಮ ಗುಂಪಿನಲ್ಲಿ ಮೊನ್ನೆ ಜೋರು ಚರ್ಚೆ ಆಯಿತು. ನನ್ನ ಉತ್ತರ ಹೌದು. ಒಳಗಿರುವಷ್ಟು ದಿನ ಇರಲೇಬೇಕು. 2015ರ ಜುಲೈ 10ರಂದು ಟೆಕ್ಸಾಸ್‌ನ ವಾಲರ್ ಕೌಂಟಿಯಲ್ಲಿ ಸ್ಯಾಂಡ್ರಾ ಬ್ಲ್ಯಾಂಡ್ ಎಂಬ 28 ವರ್ಷದ ಹೆಣ್ಣುಮಗಳನ್ನು ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲ ಅಂತ ನಿಲ್ಲಿಸಿ, ಮಾತಿಗೆ ಮಾತು ಬೆಳೆದು, ಬಂಧಿಸಿದರು. 13ರ ಬೆಳಗ್ಗೆ ಆಕೆ ಜೈಲಿನಲ್ಲಿ ಸತ್ತಿದ್ದಳು. ಆತ್ಮಹತ್ಯೆ ಅಂತ ವರದಿ ಆಯಿತು. ಬಾಂಡ್ ಇದ್ದದ್ದು 5,000 ಡಾಲರ್. ಅದರ ಹತ್ತನೇ ಒಂದು ಭಾಗ, ಸುಮಾರು 500 ಡಾಲರ್ ಕಟ್ಟಿದ್ದರೆ ಬಿಡಿಸಬಹುದಿತ್ತು. ಮೂರು ದಿನ. 2017ರಲ್ಲಿ ಅವಳ ಹೆಸರಲ್ಲೇ ಟೆಕ್ಸಾಸ್ ಕಾಯ್ದೆ ತಂದಿತು, ಜೈಲಿನ ಸಾವನ್ನು ಹೊರಗಿನ ಸಂಸ್ಥೆ ತನಿಖೆ ಮಾಡಬೇಕು ಅಂತ. ಒಳಗೆ ಯಾರಿದ್ದಾರೆ ಅಂತ ಹೊರಗಿನವರಿಗೆ ಗೊತ್ತಿದ್ದರೆ ತಾನೇ ಯಾರಾದರೂ ಕೇಳುವುದು?

ಇನ್ನೊಂದು ಕಡೆಯಿಂದಲೂ ನೋಡಿ. 1993ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮೇರಿ ಬೈರನ್ ಎಂಬ ಹುಡುಗಿಯನ್ನು ಅವಳ 21ನೇ ಹುಟ್ಟುಹಬ್ಬದ ದಿನವೇ ಹಳೇ ಗೆಳೆಯ ಗುಂಡಿಟ್ಟು ಕೊಂದ. ಅವಳ ದೂರಿನ ಮೇಲೆ ಜೈಲಿಗೆ ಹೋಗಿದ್ದವನು. ಅವನನ್ನು ಬಿಟ್ಟಿದ್ದಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕೈದಿ ಹೊರಬಂದರೆ ಫೋನಿಗೆ ಸುದ್ದಿ ಕೊಡುವ 'ವೈನ್' ವ್ಯವಸ್ಥೆ ಹುಟ್ಟಿದ್ದು ಆ ಸಾವಿನಿಂದ. ಈಗ ಹಲವು ರಾಜ್ಯಗಳಲ್ಲಿದೆ.

ಆದರೆ ಬುಕಿಂಗ್ ಮಾಡುವಾಗ ತೆಗೆಯುವ ಆ ಫೋಟೋ. ಅದು ಯಾರಿಗೆ ಬೇಕು?

ನಮ್ಮ ಹುಡುಗ ಬೆಳಗ್ಗೆ ಹೊರಬಂದ. ದಂಡ ಕಟ್ಟಿದ, ಕೇಸು ಮುಗಿಯಿತು. ನಾಲ್ಕು ತಿಂಗಳಾದ ಮೇಲೆ ಯಾರೋ ಅವನ ಹೆಸರು ಗೂಗಲ್ ಮಾಡಿದರು. ಮೊದಲಿಗೇ ಬಂದದ್ದು ಬುಕಿಂಗ್ ಫೋಟೋ. ಕೆದರಿದ ಕೂದಲು, ಕೆಂಪು ಕಣ್ಣು. ಏನು ತಪ್ಪು, ಏನಾಯಿತು ಅಂತ ಒಂದು ಸಾಲೂ ಇಲ್ಲ. ಊರಲ್ಲಿ ಒಂದು ಸಂಬಂಧ ಮಾತಿಗೆ ಬಂದು ಅಲ್ಲೇ ನಿಂತಿತು. ಅಕ್ಕ ಅದನ್ನು ಹೇಳಿ ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇಂಥ ಸೈಟುಗಳಲ್ಲಿ ತಪ್ಪು ಅಥವಾ ಅರ್ಧಂಬರ್ಧ ಮಾಹಿತಿ ಇದ್ದರೆ ಅದನ್ನು ತೆಗೆದುಹಾಕಲು ದುಡ್ಡು ಕೇಳುವ ಹಾಗಿಲ್ಲ ಅಂತ ಟೆಕ್ಸಾಸ್ 2013ರಲ್ಲೇ ಕಾನೂನು ಮಾಡಿದೆ. 2018ರಲ್ಲಿ ಅಂಥದೇ ಒಂದು ದೊಡ್ಡ ಸೈಟಿನ ಮಾಲೀಕರ ಮೇಲೆ ಕ್ಯಾಲಿಫೋರ್ನಿಯಾ ಸುಲಿಗೆ ಕೇಸು ಹಾಕಿತು. ಜಾರ್ಜಿಯಾದಲ್ಲಿ 2014ರಿಂದ ಬಂಧಿತರ ಫೋಟೋವನ್ನು ಶೆರಿಫ್ ಕಚೇರಿ ವೆಬ್‌ಸೈಟಿಗೆ ಹಾಕುವಂತಿಲ್ಲ. ಹೆಸರು, ಆರೋಪ, ಬಾಂಡ್ ಸಾಕು. ನನಗೆ ಸರಿ ಅನ್ನಿಸುವುದು ಇದೇ ದಾರಿ.

2025ರ ಏಪ್ರಿಲ್ ನೆನಪಿದೆ ಅಲ್ವಾ? ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ಪೊಲೀಸ್ ದಾಖಲೆಯಲ್ಲಿ ಹುಡುಕಿದೆವು, ಸುಮಾರು 6,400 ತಾಳೆಯಾದವು ಅಂತ ವಲಸೆ ಅಧಿಕಾರಿಗಳೇ ಕೋರ್ಟಿನಲ್ಲಿ ಹೇಳಿದರು. ಅದರ ಮೇಲೆ ಸಾವಿರಾರು ಮಕ್ಕಳು ಇಲ್ಲಿರಲು ಬೇಕಾದ ವಿದ್ಯಾರ್ಥಿ ದಾಖಲೆ ರದ್ದಾಯಿತು. ಕೇಸು ವಜಾ ಆದವರೂ ಅದರಲ್ಲಿದ್ದರು. ಬಂಧನ ಅಂದರೆ ಅಪರಾಧ ಸಾಬೀತಾಯಿತು ಅಂತಲ್ಲ. ಇಷ್ಟು ಗೊತ್ತಿದ್ದೂ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲೇ "ನೋಡಿ ಯಾರು ಸಿಕ್ಕಿಬಿದ್ದಿದ್ದಾರೆ" ಅಂತ ಫೋಟೋ ಹಂಚುತ್ತಾರೆ. ಸಂಕಟವಾಗುತ್ತದೆ. ನಿಮ್ಮ ಕೈಗೆ ಬಂದರೆ ಅಲ್ಲೇ ಅಳಿಸಿ.

ನಮ್ಮೂರಲ್ಲೂ ಕಾನೂನಿದೆ, ತಿಳಿದಿರಲಿ. ಹಿಡಿದವರ ಹೆಸರನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಕಾಣುವ ಹಾಗೆ ಹಾಕಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 37ನೇ ಸೆಕ್ಷನ್ ಹೇಳುತ್ತದೆ.

ಇಲ್ಲಿರುವ ಮಕ್ಕಳಿಗೆ, ಅವರ ಮನೆಯವರಿಗೆ ಒಂದೆರಡು ಮಾತು. ಪಾಸ್‌ಪೋರ್ಟಿನ ಮೊದಲ ಪುಟ ಮನೆಯಲ್ಲಿ ಒಬ್ಬರ ಹತ್ತಿರ ಇರಲಿ. ಬುಕಿಂಗ್ ಮುಗಿಯುವ ತನಕ ಹೆಸರು ಎಲ್ಲೂ ಕಾಣದು, ಹಾಗಾಗಿ ಎರಡು ಮೂರು ಸಲ ಫೋನ್ ಮಾಡಿ. ತುರ್ತು ನಂಬರ್ 911ಕ್ಕೆ ಮಾಡಬೇಡಿ, ಜೈಲಿನ ನಂಬರಿಗೇ ಮಾಡಿ. ಆರೋಪ ಏನು, ಬಾಂಡ್ ಎಷ್ಟು, ಮ್ಯಾಜಿಸ್ಟ್ರೇಟ್ ಮುಂದೆ ಯಾವಾಗ, ವಲಸೆ ಇಲಾಖೆಯವರು ಹಿಡಿದಿಡಲು ಹೇಳಿದ್ದಾರಾ ಅಂತ ಕೇಳಿ. ಟೆಕ್ಸಾಸ್‌ನಲ್ಲಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಜೈಲಿನ ಫೋನ್ ರೆಕಾರ್ಡ್ ಆಗುತ್ತದೆ, ಕೇಸಿನ ವಿಷಯ ಅದರಲ್ಲಿ ಬೇಡ. ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಒಳಗಿರುವವರೇ ಬಾಯಿಬಿಟ್ಟು ಕೇಳಬೇಕು.

ಆ ಬೆಳಗ್ಗೆ ಮೂರು ತಾಸು ಕಾರು ಓಡಿಸಿಕೊಂಡು ಹೋಗಿದ್ದೆ. ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಬೆಲ್ಟು, ಶೂ ಲೇಸು ಹಿಡಿದುಕೊಂಡು ಹೊರಗೆ ಬಂದ. "ಆಂಟಿ, ನಾನು ಇಲ್ಲಿದ್ದೀನಿ ಅಂತ ನಿಮಗೆ ಹೆಂಗೆ ಗೊತ್ತಾತು? ಫೋನ್ ಮಾಡು ಅಂತ ಕೊಟ್ಟಿದ್ರು. ನಂಬರೆಲ್ಲ ನನ್ನ ಫೋನಿನಾಗೆ ಇದ್ವು. ಒಂದೂ ನೆನಪಾಗ್ಲಿಲ್ಲ" ಅಂದ. ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ನಂಬರನ್ನು ಬಾಯಿಪಾಠ ಮಾಡಿಸಿದೆ.