ಏಳು ಮೂಲೆಯ ದುಂಡು ತೂತು

ಕೈಯಿಂದ ಕಟಿಂಗ್ ಆಯಿಲ್ ವಾಸನೆ ಇನ್ನೂ ಹೋಗಿಲ್ಲ. ಸಿಟ್ಟೂ ಇಳಿದಿಲ್ಲ. ಆರುವ ಮೊದಲೇ ಬರೆದುಬಿಡುತ್ತೇನೆ.

ಬೆಳಿಗ್ಗೆಯಿಂದ ವರ್ಕ್‌ಶಾಪಿನಲ್ಲಿ ಒಂದು ಮೈಲ್ಡ್ ಸ್ಟೀಲ್ ಪ್ಲೇಟಿನ ಜೊತೆ ಒದ್ದಾಡಿದ್ದೆ. ಆರೂ ಮುಖ ಮಿಲ್ಲಿಂಗ್ ಮಾಡಿ, ಮೂಲೆಮಟ್ಟ ನೋಡಿ, 12 ತೂತು ಕೊರೆದಿದ್ದೆ. ಎಲ್ಲವೂ 6.6 ಎಂಎಂ, ಎಂ6 (6 ಎಂಎಂ ದಪ್ಪದ) ಸ್ಕ್ರೂ ಆರಾಮಾಗಿ ಇಳಿಯುವಷ್ಟು. ಉಳಿದಿದ್ದು ಒಂದೇ ಕೆಲಸ, ಕೌಂಟರ್‌ಸಿಂಕ್. ಸಿಎಸ್‌ಕೆ ಸ್ಕ್ರೂವಿನ (ಆಲಿಕೆಯಂಥ ತಲೆಯ ಸ್ಕ್ರೂ) ತಲೆ ಪ್ಲೇಟಿನ ಮಟ್ಟಕ್ಕೆ ಕೂರಬೇಕಲ್ಲ, ಅದಕ್ಕೆ ತೂತಿನ ಬಾಯಿಯನ್ನು ಇಳಿಜಾರಾಗಿ ಅಗಲ ಮಾಡುವುದು. ಐದು ನಿಮಿಷದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಯಾರೂ ಮಷೀನ್ ಮುಂದೆ ನಿಲ್ಲುವವರಲ್ಲ, ಅಷ್ಟೇ.

ತಪ್ಪು ನನ್ನದೇ, ಒಪ್ಪುತ್ತೇನೆ. ಡ್ರಿಲ್ಲಿಗೆ ಅಂತ 1000 ಆರ್‌ಪಿಎಂ ಇಟ್ಟಿದ್ದೆ. ಕೌಂಟರ್‌ಸಿಂಕಿಗೆ ಅದರ ಕಾಲು ಭಾಗ ಸಾಕು. ಆದರೆ ನಮ್ಮ ಮಷೀನಿನಲ್ಲಿ ವೇಗ ಇಳಿಸಬೇಕಾದರೆ ಬೆಲ್ಟ್ ಸಡಿಲಿಸಿ, ಬೇರೆ ಪುಲ್ಲಿಗೆ ಹಾಕಿ, ಮತ್ತೆ ಬಿಗಿ ಮಾಡಬೇಕು. 'ಹನ್ನೆರಡೇ ತೂತು ತಾನೇ' ಅಂದುಕೊಂಡೆ. ಈ 'ತಾನೇ' ಕೆಡಿಸಿದಷ್ಟು ಜಾಬ್‌ಗಳನ್ನು ಮೊಂಡು ಟೂಲ್ ಕೂಡ ಕೆಡಿಸಿಲ್ಲ.

ಟೂಲನ್ನು ಕೆಳಗಿಳಿಸುವ ಕ್ವಿಲ್ ಹಿಡಿ ಎಳೆದೆ. ಟೂಲ್ ಪ್ಲೇಟಿಗೆ ತಾಗಿತು. ಆಮೇಲೆ ಬಂದ ಸದ್ದನ್ನು ಬರೆಯಲು ಕನ್ನಡ ವರ್ಣಮಾಲೆಯಲ್ಲಿ ಅಕ್ಷರ ಇಲ್ಲ. ಗಾಜಿನ ಮೇಲೆ ಮೊಳೆ ಗೀಚಿದ ಹಾಗೆ, ಅದಕ್ಕೆ ಮೈಕ್ ಬೇರೆ ಹಿಡಿದ ಹಾಗೆ. ಆ ಕಡೆ ಲೇತ್‌ನಲ್ಲಿದ್ದವನು ತಿರುಗಿ ನೋಡಿದ. ಪಕ್ಕದವನು ನೋಡಲಿಲ್ಲ, ಸುಮ್ನೆ ಕಿವಿ ಮುಚ್ಚಿಕೊಂಡ.

ಹಾಗೆ ಕಿರುಚಿದರೆ ಯಾರಾದರೂ ಏನು ಮಾಡುತ್ತಾರೆ? ಪಾಪ ಅಂತ ಕೈ ಸಡಿಲ ಬಿಡುತ್ತಾರೆ. ನಾನೂ ಬಿಟ್ಟೆ. ಕೌಂಟರ್‌ಸಿಂಕ್ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಒತ್ತಡ ಕಡಿಮೆಯಾದರೆ ಹಲ್ಲುಗಳು ಲೋಹ ಕತ್ತರಿಸುವುದಿಲ್ಲ, ಉಜ್ಜುತ್ತವೆ, ಕುಣಿಯುತ್ತವೆ. ಕುಣಿದಲ್ಲೆಲ್ಲ ಒಂದು ಗುರುತು. ಮುಂದಿನ ಸುತ್ತಿನಲ್ಲಿ ಅದೇ ಗುರುತಿಗೆ ಬಡಿದು ಇನ್ನಷ್ಟು ಕುಣಿತ. ಕೌಂಟರ್‌ಸಿಂಕಿಗೆ ಬೇಕಾದ್ದು ಕಡಿಮೆ ವೇಗ, ಗಟ್ಟಿ ಕೈ. ನಾನು ಕೊಟ್ಟಿದ್ದು ಜಾಸ್ತಿ ವೇಗ, ಮೆದು ಕೈ.

ಟೂಲ್ ಎತ್ತಿ ನೋಡಿದರೆ ತೂತಿನ ಬಾಯಿಗೆ ಏಳು ಮೂಲೆ. ಎರಡು ಸಲ ಎಣಿಸಿದೆ. ರಂಗೋಲಿ ಸ್ಪರ್ಧೆಯಲ್ಲಾದರೆ ಸಮಾಧಾನಕರ ಬಹುಮಾನ ಸಿಗುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ, "ಏನಪ್ಪಾ, ಯಾರನ್ನ ಕೊಯ್ತಾ ಇದೀಯ?"

ನಮ್ಮ ಹಿರಿಯರು. ಇವರ ಹೆಬ್ಬೆರಳಿನ ಉಗುರಿನ ಬಗ್ಗೆ ಹೇಳಲೇಬೇಕು. ಕೌಂಟರ್‌ಸಿಂಕ್ ನೋಡಲು ಅವರು ಅಳತೆಯ ವರ್ನಿಯರ್ ಮುಟ್ಟುವುದೇ ಇಲ್ಲ. ತೂತಿಗೆ ಸ್ಕ್ರೂ ಇಳಿಸಿ, ಅದರ ತಲೆಯ ಮೇಲೆ ಉಗುರು ಎಳೆಯುತ್ತಾರೆ, ಕಣ್ಣು ಮಾತ್ರ ಛಾವಣಿ ಕಡೆ. ಉಗುರು ತಡೆದರೆ ತಲೆ ಮೇಲೆ ನಿಂತಿದೆ. ಉಗುರು ಇಳಿದರೆ ಆಳ ಹೆಚ್ಚಾಗಿದೆ. ತೀರ್ಪು ಒಂದೇ ಪದ: "ಹ್ಞೂಂ." ಆದರೆ ಅದರಲ್ಲಿ ನಾಲ್ಕು ಬಗೆ. ಗಿಡ್ಡ ಹ್ಞೂಂ ಅಂದರೆ ಪಾಸ್. ಎಳೆದ ಹ್ಞೂಂ ಅಂದರೆ ಇನ್ನೂ ಸ್ವಲ್ಪ ಇಳಿಸು. ಮೂಗಿನಿಂದ ಬಂದರೆ ಜಾಸ್ತಿ ಇಳಿಸಿದ್ದೀಯ. ಪ್ರಶ್ನೆಯಂತೆ ಬಂದರೆ, ಈ ಕೆಲಸಕ್ಕೆ ಯಾಕಪ್ಪಾ ಬಂದೆ?

ಒಮ್ಮೆ ಹಟಕ್ಕೆ ಬಿದ್ದು ಅವರ ಉಗುರನ್ನೇ ಪರೀಕ್ಷೆ ಮಾಡಿದ್ದೆ. ಟೂಲ್ ಎಷ್ಟು ಆಳಕ್ಕೆ ನಿಲ್ಲಬೇಕು ಅಂತ ತಡೆಯುವ ಡೆಪ್ತ್ ಸ್ಟಾಪನ್ನು ಬೇಕಂತಲೇ 0.1 ಎಂಎಂ ಕೆಳಗಿಟ್ಟು ಒಂದು ತೂತು ಮಾಡಿದೆ. 90 ಡಿಗ್ರಿ ಕೋನದ ತುದಿಯಿರುವ ಟೂಲ್ ಎಷ್ಟು ಇಳಿದರೆ ಬಾಯಿ ಅದರ ಎರಡರಷ್ಟು ಅಗಲವಾಗುತ್ತದೆ, ಅಂದರೆ 0.2. ಕಣ್ಣಿಗೆ ಎಲ್ಲಿ ಕಾಣಬೇಕು? ಉಗುರು ಎಳೆದರು. ಮೂಗಿನಿಂದ ಬಂತು. ಅವತ್ತಿನಿಂದ ಆ ಉಗುರಿನ ಮೇಲೆ ನನಗೆ ಗೌರವ, ಜೊತೆಗೆ ಸಣ್ಣ ದ್ವೇಷ.

ಇವತ್ತು ಅವರು ಹ್ಞೂಂ ಕೂಡ ಅನ್ನಲಿಲ್ಲ. ಅದೇ ಜಾಸ್ತಿ ಉರಿಸಿದ್ದು. ಮೋಟಾರ್ ಆಫ್ ಮಾಡಿಸಿದರು. ಜೇಬಿನಿಂದ ಒಂದು ಹಳೇ ಬಟ್ಟೆ ಚೂರು ತೆಗೆದು, ಮಡಿಚಿ, ಎಣ್ಣೆಯಲ್ಲಿ ಅದ್ದಿ, ಏಳು ಮೂಲೆಯ ಮೇಲೆ ಇಟ್ಟರು. ಟೂಲನ್ನು ಬಟ್ಟೆಯ ಮೇಲೆಯೇ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟೂಲ್ ಹಿಡಿದಿರುವ ಸ್ಪಿಂಡಲನ್ನು ನಿಧಾನ ತಿರುಗಿಸಿದರು. ಬಟ್ಟೆ ಹರಿದು ಚಿಂದಿಯಾಯಿತು, ಟೂಲಿನ ಕುಣಿತವನ್ನೆಲ್ಲ ಅದೇ ನುಂಗಿಕೊಂಡಿತು. ಕಿರುಚಾಟ ಇಲ್ಲ. ಕೂದಲಿನಂಥ ಸಣ್ಣ ಚಿಪ್ಸ್ ಮಾತ್ರ. ಎತ್ತಿ ನೋಡಿದರೆ ತೂತು ದುಂಡಗೆ, ಒಳಗೋಡೆ ಕನ್ನಡಿ. ಇಷ್ಟು ವರ್ಷ ಆ ಬಟ್ಟೆಯನ್ನು ಬೆವರು ಒರೆಸಲು ಇಟ್ಟುಕೊಂಡಿದ್ದಾರೆ ಅಂತ ತಿಳಿದಿದ್ದೆ.

"ಮೊದಲೇ ಹೇಳಬಾರದಿತ್ತಾ?" ಅಂದೆ.

"ನೀನು ಕೇಳಿದ್ಯಾ?" ಅಂದರು.

ಹೌದು, ಕೇಳಿರಲಿಲ್ಲ. ಬೆಲ್ಟ್ ಬದಲಿಸಿದೆ. ಬದಲಿಸಲು ಹಿಡಿದದ್ದು ಎರಡು ನಿಮಿಷ, ಅದನ್ನು ಹೇಳಲೂ ನಾಚಿಕೆ. ಉಳಿದ 11 ತೂತುಗಳು ಒಂದು ಮಾತೂ ಆಡದೆ ಮುಗಿದವು. ಹಿರಿಯರು ಸಾಲಾಗಿ ಉಗುರು ಎಳೆದುಕೊಂಡು ಹೋದರು. 12 ಗಿಡ್ಡ ಹ್ಞೂಂ.

ಮುಂದಿನ ತಿಂಗಳು ಅವರಿಗೆ ರಿಟೈರ್‌ಮೆಂಟ್. ಅಂಥ ಒಂದು ಬಟ್ಟೆ ಚೂರನ್ನಾದರೂ ಕೇಳಿ ಇಸ್ಕೊಬಹುದು, ಉಗುರನ್ನಲ್ಲ. ಅವರು ಕೈ ತೊಳೆಯಲು ಹೋದಾಗ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಾನೂ ಒಂದು ಸ್ಕ್ರೂ ಮೇಲೆ ಹೆಬ್ಬೆರಳು ಎಳೆದೆ, ಛಾವಣಿ ನೋಡುತ್ತಾ. ಏನೂ ಗೊತ್ತಾಗಲಿಲ್ಲ. ನನಗೆ ಚಿಕ್ಕಂದಿನಿಂದ ಕಚ್ಚುವ ಚಟ. ಉಗುರಿದ್ದರೆ ತಾನೇ!