ಸುರಕ್ಷತೆ ನಮ್ಮೆಲ್ಲರ ಹೊಣೆ, ಅಂದ್ರೆ ನಿಮ್ದು

ಯಾವ ದೇಶದ ಯಾವ ಯೂನಿವರ್ಸಿಟಿ ಆದ್ರೂ ತಗೊಳ್ಳಿ, ‘ಆರೋಗ್ಯ, ಸುರಕ್ಷತೆ ಮತ್ತು ಯೋಗಕ್ಷೇಮ: ಹೊಣೆಗಾರಿಕೆಗಳು’ ಅಂತ ಒಂದು ದಪ್ಪನೆ ದಾಖಲೆ ಇದ್ದೇ ಇರುತ್ತೆ. ಅದನ್ನ ಕೊನೇ ಪುಟದ ತನಕ ಓದೋರು ಇಬ್ಬರೇ, ಬರೆದ ಕಮಿಟಿಯ ಸೆಕ್ರೆಟರಿ ಒಬ್ಬರು, ಅನಾಹುತ ಆದ್ಮೇಲೆ ಬರೋ ವಕೀಲರು ಇನ್ನೊಬ್ಬರು. ಮೊದಲನೇ ಪುಟದಲ್ಲಿ ಕುಲಪತಿಗಳು ಹೆಲ್ಮೆಟ್ಟು, ಮಿಂಚೋ ಹಳದಿ ಜಾಕೆಟ್ಟು ಹಾಕ್ಕೊಂಡು ನಗ್ತಾ ನಿಂತಿರ್ತಾರೆ, ಹಿಂದುಗಡೆ ಇರೋದು ಲೈಬ್ರರಿ, ಅಲ್ಲಿ ತಲೆ ಮೇಲೆ ಬೀಳೋವಂಥದ್ದು ಅಂದ್ರೆ ಜ್ಞಾನ ಒಂದೇ, ಅದೂ ಅಪರೂಪಕ್ಕೆ.

ಫೋಟೋದ ಕೆಳಗೆ ಒಂದು ಸಾಲು, ‘ಸುರಕ್ಷತೆಯ ಅಂತಿಮ ಹೊಣೆ ಕುಲಪತಿಗಳದ್ದು’. ಆಹಾ ಎಂಥಾ ದೊಡ್ಡ ಮನಸ್ಸು ಅಂದ್ಕೊಂಡು ಪುಟ ತಿರುಗಿಸಿದ್ರೆ ಕುಲಪತಿಗಳು ಆ ಹೊಣೆನ ಆಗಲೇ ರಿಜಿಸ್ಟ್ರಾರ್‌ಗೆ ವಹಿಸಿರ್ತಾರೆ, ರಿಜಿಸ್ಟ್ರಾರ್ ಡೀನ್‌ಗೆ, ಡೀನ್ ವಿಭಾಗದ ಮುಖ್ಯಸ್ಥರಿಗೆ, ಮುಖ್ಯಸ್ಥರು ಲ್ಯಾಬ್ ನಡೆಸೋ ಪ್ರೊಫೆಸರಿಗೆ, ಪ್ರೊಫೆಸರು ಕಾನ್ಫರೆನ್ಸಿಗೆ ಹೊರಟಿರೋದ್ರಿಂದ ಪಿಎಚ್‌ಡಿ ಮುಗಿಸಿ ರಿಸರ್ಚ್ ಮಾಡ್ತಿರೋ ಪೋಸ್ಟ್‌ಡಾಕ್‌ಗೆ, ಪೋಸ್ಟ್‌ಡಾಕ್ ಬೇರೆ ಕೆಲಸ ಹುಡುಕ್ತಾ ಇರೋದ್ರಿಂದ ಮೊನ್ನೆ ಮೊನ್ನೆ ಸೇರಿದ ಪಿಎಚ್‌ಡಿ ಹುಡುಗಿಗೆ. ಆ ಹುಡುಗಿಗೆ ಇನ್ನೂ ಐಡಿ ಕಾರ್ಡೇ ಬಂದಿಲ್ಲ, ಲ್ಯಾಬಿನ ಬಾಗಿಲು ತೆಗೀಬೇಕಂದ್ರೂ ಯಾರನ್ನಾದ್ರೂ ಕರೀಬೇಕು, ಆದ್ರೆ ದಾಖಲೆ ಪ್ರಕಾರ ಒಳಗಿರೋ ಎಲ್ಲ ಆಸಿಡ್ಡು, ಎಲ್ಲ ಸಿಲಿಂಡರು ಅವಳ ಕೈಲಿ ಸುರಕ್ಷಿತ. ಒಂದು ತಮಾಷೆ ನೋಡಿ, ಇಷ್ಟು ಮೆಟ್ಟಿಲು ಇಳ್ಕೊಂಡು ಬರೋದು ಹೊಣೆ ಒಂದೇ. ದುಡ್ಡು ಖರ್ಚು ಮಾಡೋ ಅಧಿಕಾರ, ಹೊಸ ಮೆಷೀನಿಗೆ ಸಹಿ ಹಾಕೋ ಅಧಿಕಾರ, ‘ಇವತ್ತು ಈ ಕೆಲಸ ಬೇಡ, ನಿಲ್ಸಿ’ ಅನ್ನೋ ಅಧಿಕಾರ, ಇವಕ್ಕೆಲ್ಲ ಮಂಡಿನೋವು, ಮೇಲಿನ ಮಹಡಿ ಬಿಟ್ಟು ಇಳಿಯಲ್ಲ.

ಈ ವ್ಯವಸ್ಥೆಗೆ ಮೂಲಪುರುಷ ಅಂತ ಸುರಕ್ಷತೆಯೋರು ತೋರಿಸೋದು ಬ್ರಿಟನ್ನಿನ ಲಾರ್ಡ್ ರೋಬೆನ್ಸ್ ಅವರನ್ನ. 1972ರಲ್ಲಿ ಅವರ ಕಮಿಟಿ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಒಂದು ವರದಿ ಕೊಡ್ತು, ಅದರ ಮೇಲೆ 1974ರ ಕಾಯ್ದೆ ಬಂತು, ಆಮೇಲೆ ಎಷ್ಟೋ ದೇಶದೋರು ಅದರ ದಾರೀಲೇ ನಡೆದ್ರು. ವರದಿಯ ತಿರುಳು ಇಷ್ಟೇ, ಕಾನೂನು ವಿಪರೀತ ಆಗಿದೆ, ಅಪಾಯ ಹುಟ್ಟುಹಾಕೋರು ಮತ್ತು ಆ ಅಪಾಯದ ಜೊತೆ ಕೆಲಸ ಮಾಡೋರು, ಮೊದಲ ಹೊಣೆ ಈ ಇಬ್ಬರದು. ಚೆನ್ನಾಗೇ ಹೇಳಿದ್ರು ಪಾಪ. ಯೂನಿವರ್ಸಿಟಿಗಳು ‘ಜೊತೆ ಕೆಲಸ ಮಾಡೋರು’ ಅನ್ನೋ ಕಡೆಯಿಂದ ಓದೋಕೆ ಶುರು ಮಾಡಿ ಅಲ್ಲೇ ನಿಲ್ಸಿಬಿಟ್ವು. ಆ ಕಾಯ್ದೇಲಿ ಕೆಲಸ ಕೊಡೋರ ಕರ್ತವ್ಯ 2ನೇ ಸೆಕ್ಷನ್ನಲ್ಲಿದೆ, ಕೆಲಸ ಮಾಡೋರ ಕರ್ತವ್ಯ 7ನೇದ್ರಲ್ಲಿ. ಹೊಸಬರಿಗೆ ತೋರಿಸೋ ಇಂಡಕ್ಷನ್ ದಿನದ ಸ್ಲೈಡು ನೋಡಿದ್ರೆ ಕಾಯ್ದೆ 7ನೇ ಸೆಕ್ಷನ್ನಿಂದಲೇ ಹುಟ್ಟಿದೆ ಅನ್ಸುತ್ತೆ.

ಇನ್ನು ರಿಸ್ಕ್ ಅಸೆಸ್‌ಮೆಂಟ್ ಅನ್ನೋ ಕಲೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಅಪಾಯ ಎಷ್ಟು ಸಂಭವ ಅನ್ನೋದಕ್ಕೆ 1ರಿಂದ 5, ಒಂದು ವೇಳೆ ಆಗಿಬಿಟ್ರೆ ಎಷ್ಟು ಗಂಭೀರ ಅನ್ನೋದಕ್ಕೆ 1ರಿಂದ 5, ಎರಡನ್ನೂ ಗುಣಿಸ್ಬೇಕು. 4 ಗುಣಿಸು 5 ಅಂದ್ರೆ 20, ಕೆಂಪು ಬಣ್ಣ, ಕೆಲಸ ಮಾಡೋಹಾಗಿಲ್ಲ. ಈಗ ಪಕ್ಕದ ಕಾಲಂನಲ್ಲಿ ‘ಎಲ್ಲರಿಗೂ ಎಚ್ಚರಿಕೆಯಿಂದಿರಲು ತಿಳಿಸಲಾಗಿದೆ’ ಅಂತ ಟೈಪ್ ಮಾಡಿ. 4 ಇದ್ದದ್ದು 1 ಆಗುತ್ತೆ, ಗುಣಾಕಾರ 5, ಹಸಿರು ಬಣ್ಣ, ಶುರು ಮಾಡ್ಕೊಳ್ಳಿ. ಲ್ಯಾಬಲ್ಲಿ ಒಂದು ಬಾಟ್ಲಿನೂ ಜಾಗ ಬದಲಾಯಿಸಿಲ್ಲ, ಕಂಪ್ಯೂಟರಲ್ಲಿ ಬಣ್ಣ ಬದಲಾಯ್ತು ಅಷ್ಟೇ, ಆದ್ರೆ ಆಡಿಟರ್ ನೋಡೋದು ಬಣ್ಣಾನೇ. ಫಾರಂ ಕೂಡ ಹೊಸದಾಗಿ ಯಾರೂ ಬರೆಯಲ್ಲ, ಹೋದ ವರ್ಷದ್ದು ಕಾಪಿ, ಅದು ಅದರ ಹಿಂದಿನ ವರ್ಷದ್ದು, ಹೀಗೆ ಬಗೀತಾ ಹೋದ್ರೆ ಸಿಗೋದು ಯಾವಾಗಲೋ ಡಿಗ್ರಿ ಮುಗಿಸಿ ಹೋದ ಹುಡುಗನೊಬ್ಬ ಈಗ ಇಲ್ಲದೇ ಇರೋ ಕಟ್ಟಡಕ್ಕೆ ಬರೆದ ಫಾರಂ, ಅದರಲ್ಲಿ ತುರ್ತು ನಿರ್ಗಮನ ದ್ವಾರ ಅಂತ ತೋರಿಸಿರೋ ಜಾಗದಲ್ಲಿ ಈಗ ಗೋಡೆ ಇರುತ್ತೆ.

ಕಣ್ಣಿಗೆ ಕೆಮಿಕಲ್ ಬಿದ್ರೆ ತೊಳ್ಕೊಳ್ಳೋಕೆ ಅಂತ ಒಂದು ಐವಾಶ್ ಇರುತ್ತೆ. ಅಮೆರಿಕದಲ್ಲಿ ಮಾನದಂಡ ಗೊತ್ತುಮಾಡೋ ಎಎನ್‌ಎಸ್‌ಐ ಸಂಸ್ಥೆ ಪ್ರಕಾರ ಅದು 10 ಸೆಕೆಂಡಲ್ಲಿ ತಲುಪೋಹಾಗಿರ್ಬೇಕು, ದಾರೀಲಿ ಅಡ್ಡ ಏನೂ ಇರಬಾರದು, ಕನಿಷ್ಠ 15 ನಿಮಿಷ ನೀರು ಬರ್ಬೇಕು, ವಾರಕ್ಕೊಂದ್ಸಲ ಬಿಟ್ಟು ನೋಡ್ಬೇಕು. ಅದಕ್ಕೆ ನೇತುಹಾಕಿರೋ ಚೀಟೀಲಿ ವಾರ ವಾರವೂ ಟಿಕ್ ಇರುತ್ತೆ, ಎಲ್ಲ ಒಂದೇ ಪೆನ್ನಲ್ಲಿ, ಒಂದೇ ಕೈಬರಹದಲ್ಲಿ, ಯೂನಿವರ್ಸಿಟಿ ಪೂರ್ತಿ ಮುಚ್ಚಿದ್ದ ರಜೆಯ ವಾರಗಳೂ ಬಿಟ್ಟಿಲ್ಲ, ಬರಬೇಕಾದ ವಾರಗಳದ್ದೂ ಕೆಲವು ಮುಗಿದಿರ್ತವೆ. ಐವಾಶ್ ಮುಂದೆ ರಟ್ಟಿನ ಡಬ್ಬಗಳು. ಡಬ್ಬದಲ್ಲಿ ಏನಪ್ಪಾ ಅಂದ್ರೆ ‘ಐವಾಶ್ ಮುಂದೆ ಸಾಮಾನು ಇಡಬೇಡಿ’ ಅನ್ನೋ ಹೊಸ ಪೋಸ್ಟರುಗಳು, ಅಂಟಿಸೋರಿಗಾಗಿ ಕಾಯ್ತಾ ಇದಾವೆ. ಕಾರಿಡಾರ್ ಕೊನೇಲಿ ಬೆಂಕಿ ಹಬ್ಬದೇ ಇರ್ಲಿ ಅಂತ ತಾನೇ ಮುಚ್ಚಿಕೊಳ್ಳೋ ಬಾಗಿಲು, ಅದು ಮುಚ್ಚಿಕೊಳ್ಳದೇ ಇರ್ಲಿ ಅಂತ ಅದಕ್ಕೆ ಆನಿಸಿಟ್ಟಿರೋದು ಬೆಂಕಿ ಆರಿಸೋ ಸಿಲಿಂಡರು. ಒಂದೇ ಏಟಿಗೆ ಎರಡು ಸುರಕ್ಷತಾ ಸಾಧನ ನಿವೃತ್ತಿ ಮಾಡ್ಸೋ ಈ ಜಾಣತನ ಯಾವ ಕಮಿಟಿಗೂ ಬರಲ್ಲ ಬಿಡಿ, ಜನಸಾಮಾನ್ಯರದೇ ಆವಿಷ್ಕಾರ.

ನಗಾಡಬಹುದು. ಆದ್ರೆ ಆ ಮೆಟ್ಟಿಲುಗಳ ಕೊನೇಲಿ ನಿಜವಾದ ಮನುಷ್ಯರು ನಿಂತಿರ್ತಾರೆ. 2008ರ ಡಿಸೆಂಬರ್ ಕೊನೇಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಲ್ಯಾಬೊಂದ್ರಲ್ಲಿ 23 ವರ್ಷದ ರಿಸರ್ಚ್ ಅಸಿಸ್ಟೆಂಟ್ ಒಬ್ಬಳು ಗಾಳಿ ತಾಕಿದ್ರೆ ಸಾಕು ತಾನೇ ಹತ್ತಿಕೊಳ್ಳೋ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನೋ ಕೆಮಿಕಲನ್ನ ಪ್ಲಾಸ್ಟಿಕ್ ಸಿರಿಂಜಲ್ಲಿ ಎಳೀತಿದ್ದಾಗ ಸಿರಿಂಜು ಕಳಚಿಕೊಂಡು ಬೆಂಕಿ ಹತ್ತಿತು, ಲ್ಯಾಬ್ ಕೋಟ್ ಇರ್ಲಿಲ್ಲ, ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು, 18 ದಿನಕ್ಕೆ ತೀರಿಕೊಂಡ್ಳು. ಅದಕ್ಕೆ ಸುಮಾರು ಎರಡು ತಿಂಗಳ ಮುಂಚೆ ಯೂನಿವರ್ಸಿಟಿಯದೇ ತಪಾಸಣೆಯೋರು ಬಂದು ಈ ಲ್ಯಾಬಲ್ಲಿ ಕೋಟ್ ಹಾಕ್ತಿಲ್ಲ ಅಂತ ಬರ್ಕೊಂಡು ಹೋಗಿದ್ರು. ಬರ್ಕೊಂಡು ಹೋಗಿದ್ರು, ಅಷ್ಟೇ. 2010ರ ಜನವರೀಲಿ ಟೆಕ್ಸಾಸ್ ಟೆಕ್‌ನಲ್ಲಿ ಸ್ಫೋಟಕ ಗುಣದ ವಸ್ತುವೊಂದನ್ನ 100 ಮಿಲಿಗ್ರಾಂಗಿಂತ ಜಾಸ್ತಿ ಮಾಡಬಾರದು ಅನ್ನೋ ಮಿತಿ ಬಾಯಿಮಾತಲ್ಲಿತ್ತು, ಕಾಗದದಲ್ಲಿ ಇರ್ಲಿಲ್ಲ, ವಿದ್ಯಾರ್ಥಿ ಮಾಡಿದ್ದು ಸುಮಾರು 10 ಗ್ರಾಂ, ಮೂರು ಬೆರಳು ಹೋಯ್ತು. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿದಾಗ ಗೊತ್ತಾಗಿದ್ದು, ಅಲ್ಲಿ ಮೊದಲೂ ಸಣ್ಣಪುಟ್ಟ ಅವಘಡ ಆಗಿದ್ವು, ಯಾರೂ ಸರಿಯಾಗಿ ದಾಖಲಿಸಿ ಉಳಿದೋರಿಗೆ ಹೇಳಿರ್ಲಿಲ್ಲ.

ಯಾಕೆ ಹೇಳ್ತಾರೆ ಹೇಳಿ? ಮೇನ್ ಗೇಟಲ್ಲಿ ‘ಅಪಘಾತವಿಲ್ಲದ ದಿನಗಳು’ ಅಂತ ಬೋರ್ಡು ಹಾಕಿ ದಿನಾ ಒಂದೊಂದು ಅಂಕಿ ಏರಿಸ್ತಾ ಇರುವಾಗ ನೀವು ಹೋಗಿ ಬೀಕರ್ ಸಿಡೀತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆಗಬಹುದಿತ್ತು ಅಂತ ಬರ್ಕೊಟ್ರೆ ಅಂಕಿ ಸೊನ್ನೆಗೆ ಬರುತ್ತೆ, ನಿಮಗೆ ತರಬೇತಿ ಮತ್ತೆ ಮೊದಲಿಂದ, ನಿಮ್ಮ ಪ್ರೊಫೆಸರಿಗೆ ಡೀನಿಂದ ಫೋನು. ಆ ತರಬೇತಿ ಏನು ಅಂತ ಕೇಳ್ಬೇಡಿ, ಒಂದು ಆನ್‌ಲೈನ್ ಮಾಡ್ಯೂಲು, ನೆಕ್ಸ್ಟ್ ಬಟನ್ ಒತ್ತೋದೇ ಕೆಲಸ, ಕೊನೇಲಿ ‘ಬೆಂಕಿ ಕಂಡರೆ ನೀವು ಏನು ಮಾಡುತ್ತೀರಿ’ ಅಂತ ಪ್ರಶ್ನೆ, ಆಯ್ಕೆಗಳಲ್ಲಿ ಒಂದು ‘ಸೆಲ್ಫಿ ತೆಗೆದುಕೊಳ್ಳುತ್ತೇನೆ’. ಪಾಸಾದ್ರೆ ಸರ್ಟಿಫಿಕೇಟು. ನಾಳೆ ಏನಾದ್ರೂ ಆದ್ರೆ ವಕೀಲರು ಮೊದಲು ತೆಗೆಯೋದು ಅದನ್ನೇ, ನೋಡಿ ಇವರಿಗೆ ಎಲ್ಲಾ ಹೇಳಿಕೊಟ್ಟಿದ್ವಿ.

ಇನ್ನು ಯೋಗಕ್ಷೇಮ. ನನ್ನ ಪ್ರಕಾರ ದಾಖಲೆಯ ಅತ್ಯಂತ ಸೃಜನಶೀಲ ಅಧ್ಯಾಯ ಇದೇ.

ಸುರಕ್ಷತಾ ಶಾಸ್ತ್ರದಲ್ಲಿ ಒಂದು ಹಳೇ ಕ್ರಮ ಇದೆ. ಅಪಾಯನ ಮೊದಲು ಪೂರ್ತಿ ತೆಗೆದುಹಾಕಿ, ಆಗದಿದ್ರೆ ಕಮ್ಮಿ ಅಪಾಯದ್ದಕ್ಕೆ ಬದಲಾಯಿಸಿ, ಅದೂ ಆಗದಿದ್ರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ಯಂತ್ರದ ತಡೆ ಹಾಕಿ, ಆಮೇಲೆ ನಿಯಮ, ತರಬೇತಿ, ಎಲ್ಲಾ ಮುಗಿದ್ಮೇಲೆ ಕಟ್ಟಕಡೆಗೆ ಗ್ಲೋವ್ಸು, ಮಾಸ್ಕು. ಗ್ಲೋವ್ಸನ್ನ ಯಾಕೆ ಕೊನೇಲಿ ಇಟ್ಟಿದಾರೆ ಅನ್ನೋದಕ್ಕೆ 1996ರ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಕರಣ ಸಾಕು, ಡೈಮೀಥೈಲ್ ಮರ್ಕ್ಯುರಿ ಅನ್ನೋ ಪಾದರಸದ ಘೋರ ವಿಷದ ಕೆಲವೇ ಹನಿ ಕೈಮೇಲೆ ಬಿತ್ತು, ಪ್ರೊಫೆಸರು ಲೇಟೆಕ್ಸ್ ಗ್ಲೋವ್ಸ್ ಹಾಕಿದ್ರು, ಅದು ಗ್ಲೋವ್ಸ್ ದಾಟಿ ಚರ್ಮಕ್ಕೆ ಇಳೀತು, ಮುಂದಿನ ವರ್ಷ ಅವರು ಬದುಕಿರ್ಲಿಲ್ಲ. ಈ ಪಾಠನ ಕೆಮಿಸ್ಟ್ರಿ ವಿಭಾಗದಲ್ಲಿ ಹೇಳ್ಕೊಡ್ತಾರೆ, ಪಕ್ಕದ ಎಚ್‌ಆರ್ ಕಟ್ಟಡಕ್ಕೆ ಅದು ತಲುಪೇ ಇಲ್ಲ. ಅಲ್ಲಿ ಮಾನಸಿಕ ಒತ್ತಡ ಅಂದ ತಕ್ಷಣ ಮೊದಲ ನಾಲ್ಕು ಹಂತ ಹಾರಿಸಿ ಸೀದಾ ಗ್ಲೋವ್ಸಿಗೆ ಬರ್ತಾರೆ. ಮೂರು ಜನರ ಪಾಠ ಒಬ್ಬರೇ ಮಾಡ್ತಿದೀರಾ? ದೀರ್ಘವಾಗಿ ಉಸಿರು ಎಳ್ಕೊಳ್ಳಿ. ಕಾಂಟ್ರಾಕ್ಟು ಮುಂದುವರಿಯುತ್ತೋ ಇಲ್ವೋ ಗೊತ್ತಿಲ್ವಾ? ಹಿಡಿದಿಟ್ಟುಕೊಳ್ಳಿ. ಗೈಡು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ ಬೆಳಗ್ಗೆ ಏಳಕ್ಕೆ ‘ಏನಾಯ್ತು’ ಅಂತಾರಾ? ಈಗ ನಿಧಾನಕ್ಕೆ ಬಿಡಿ.

ಬ್ರಿಟನ್ನಿನ ಸುರಕ್ಷತಾ ಇಲಾಖೆ ಕೆಲಸದ ಒತ್ತಡಕ್ಕೆ ಆರು ಮೂಲ ಗುರುತಿಸಿದೆ, ಕೆಲಸದ ಹೊರೆ, ಕೆಲಸದ ಮೇಲೆ ನಮಗಿರೋ ಹಿಡಿತ, ಬೆಂಬಲ, ಸಂಬಂಧಗಳು, ನಮ್ಮ ಪಾತ್ರ ಏನು ಅನ್ನೋ ಸ್ಪಷ್ಟತೆ, ಬದಲಾವಣೆ ತರೋ ರೀತಿ. ಆರೂ ಮೇಲಿನವರು ಸರಿಮಾಡ್ಬೇಕಾದವೇ, ಇದರಲ್ಲಿ ಮೂಗಿನ ಪ್ರಸ್ತಾಪ ಎಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆನೂ 2019ರಲ್ಲಿ ಬರ್ನೌಟ್, ಅಂದ್ರೆ ಕೆಲಸದಲ್ಲಿ ಬಳಲಿ ಬತ್ತಿಹೋಗೋದನ್ನ, ಕಾಯಿಲೆ ಅಲ್ಲ, ಕೆಲಸದ ಜಾಗಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತ ಹೇಳ್ತು, ಸರಿಯಾಗಿ ನಿಭಾಯಿಸದೇ ಇದ್ದ ದೀರ್ಘಕಾಲದ ಒತ್ತಡದಿಂದ ಬರೋದು ಅಂತ. ಯಾರು ನಿಭಾಯಿಸ್ಲಿಲ್ಲ ಅಂತ ಅದು ಹೇಳ್ಲಿಲ್ಲ, ಯೂನಿವರ್ಸಿಟಿಗಳು ತಾವೇ ತುಂಬಿಕೊಂಡ್ವು, ನೀವು ನಿಭಾಯಿಸ್ಲಿಲ್ಲ. 2015ರಲ್ಲಿ ಕೆನಡಾದಲ್ಲಿ ಒಕನಾಗನ್ ಚಾರ್ಟರ್ ಅಂತ ಯೂನಿವರ್ಸಿಟಿಗಳಿಗೆ ಒಂದು ಸನದು ಬಂತು, ಕ್ಯಾಂಪಸ್ಸಿನ ಆಡಳಿತ, ಪಾಠ, ಸಂಸ್ಕೃತಿ ಎಲ್ಲದರಲ್ಲೂ ಆರೋಗ್ಯ ಬೆರೆತಿರ್ಬೇಕು ಅನ್ನೋದು ಅದರ ಆಶಯ. ಇಂಥದ್ದಕ್ಕೆ ಸಹಿ ಹಾಕೋ ಸಮಾರಂಭದ ತಯಾರಿಗೆ ಆಫೀಸಿನೋರು ಎರಡು ವಾರಾಂತ್ಯ ಪುಕ್ಕಟೆ ದುಡಿದಿರ್ತಾರೆ, ಅದನ್ನ ಫೋಟೋದಲ್ಲಿ ಹುಡುಕ್ಬೇಡಿ.

ಆಮೇಲೆ ಅನಾಮಧೇಯ ಸರ್ವೆ. ನಿಮ್ಮ ಹೆಸರು ಕೇಳಲ್ಲ, ಭಯ ಬೇಡ, ಬರೀ ವಿಭಾಗ, ಹುದ್ದೆ, ಲಿಂಗ, ವಯಸ್ಸು, ಸೇರಿದ ವರ್ಷ ಕೇಳ್ತಾರೆ. ನಿಮ್ಮ ವಿಭಾಗದಲ್ಲಿ ಆ ವರ್ಷ ಸೇರಿದ ಮಹಿಳಾ ಲೆಕ್ಚರರ್ ನೀವೊಬ್ಬರೇ, ಇರ್ಲಿ. ಫಲಿತಾಂಶ ಬಂದಾಗ ಎಲ್ಲರೂ ಹೊರೆ ಜಾಸ್ತಿ ಅಂತ ಬರೆದಿರ್ತಾರೆ, ಆಡಳಿತ ಅದನ್ನ ಗಂಭೀರವಾಗಿ ಪರಿಗಣಿಸಿ ‘ಸಂವಹನ ಸುಧಾರಿಸಬೇಕು’ ಅನ್ನೋ ತೀರ್ಮಾನಕ್ಕೆ ಬರುತ್ತೆ, ಅಂದ್ರೆ ಇನ್ನೊಂದು ವಾರಪತ್ರಿಕೆ, ಅದಕ್ಕೆ ಪ್ರತಿ ವಿಭಾಗದಿಂದ ಒಬ್ಬರು ಲೇಖನ ಕೊಡ್ಬೇಕು. ಕೌನ್ಸೆಲಿಂಗ್ ಇದೆ, ಇಲ್ಲ ಅಂತಿಲ್ಲ, ಅಪಾಯಿಂಟ್‌ಮೆಂಟ್ ಬರೋ ಹೊತ್ತಿಗೆ ಗೆಸ್ಟ್ ಲೆಕ್ಚರರ್‌ನ ಕಾಂಟ್ರಾಕ್ಟು ಮುಗಿದು ಅವರು ಅರ್ಹರೇ ಅಲ್ಲ ಅಂತಾಗಿರುತ್ತೆ. ಪರೀಕ್ಷೆ ಟೈಮಲ್ಲಿ ಎಷ್ಟೋ ಕಡೆ ಥೆರಪಿ ನಾಯಿಗಳನ್ನ ಕರ್ಕೊಂಡು ಬರ್ತಾರೆ, ಒಳ್ಳೇದೇ, ನನಗೂ ನಾಯಿ ಇಷ್ಟ. ಆದ್ರೆ ಆ ನಾಯಿಗಳ ನಿಯಮ ಒಂದ್ಸಲ ಓದಿ. ಇಂತಿಷ್ಟೇ ಹೊತ್ತು ಕೆಲಸ, ನಡುವೆ ವಿಶ್ರಾಂತಿ, ಕುಡಿಯೋಕೆ ನೀರು, ಸುಸ್ತಾದ ಲಕ್ಷಣ ಕಂಡ್ರೆ ತಕ್ಷಣ ಮನೆಗೆ. ಕ್ಯಾಂಪಸ್ಸಲ್ಲಿ ಒತ್ತಡ ನಿರ್ವಹಣೆ ಸರಿಯಾಗಿ ಜಾರೀಲಿರೋದು ಅವುಗಳ ವಿಷಯದಲ್ಲಿ ಮಾತ್ರ, ಯಾಕಂದ್ರೆ ಅವುಗಳ ಬೆಲ್ಟು ಹಿಡ್ಕೊಂಡು ಪಕ್ಕದಲ್ಲೇ ಒಬ್ಬರು ನಿಂತಿರ್ತಾರೆ, ಹೊಣೆ ವಹಿಸಿಕೊಡೋಕೆ ಅವರಿಗೆ ಕೆಳಗಡೆ ಯಾರೂ ಇರಲ್ಲ.

ಹೋಗ್ಲಿ, ಕಮಿಟಿ ವಿಷಯ ಹೇಳ್ಲೇ ಇಲ್ಲ. ಆರೋಗ್ಯ ಮತ್ತು ಸುರಕ್ಷತಾ ಕಮಿಟಿ ನಾಲ್ಕು ತಿಂಗಳಿಗೊಮ್ಮೆ ಸೇರುತ್ತೆ, ಮೊದಲನೇ ವಿಷಯ ಹಿಂದಿನ ಸಭೆಯ ನಡಾವಳಿ, ಕೊನೇದು ಮುಂದಿನ ಸಭೆಯ ದಿನಾಂಕ, ನಡುವೆ ಎರಡನೇ ಮಹಡಿಯ ಸೋರೋ ಛಾವಣಿ. ಛಾವಣಿ ಎಸ್ಟೇಟ್ ವಿಭಾಗದ್ದು, ದುಡ್ಡು ಫೈನಾನ್ಸಿನದು, ನೆಲ ಮಾತ್ರ ಅದರ ಮೇಲೆ ನಡೆಯೋರದು. ಆದ್ದರಿಂದ ಸದ್ಯಕ್ಕೆ ಒಂದು ಹಳದಿ ಬೋರ್ಡು, ‘ಎಚ್ಚರಿಕೆ, ನೆಲ ಒದ್ದೆಯಾಗಿದೆ’. ಈ ಸದ್ಯ ಎಷ್ಟು ದೀರ್ಘ ಅಂದ್ರೆ ಆ ಬೋರ್ಡಿಗೆ ಆಸ್ತಿ ರಿಜಿಸ್ಟರಲ್ಲಿ ನಂಬರು ಬಿದ್ದಿದೆ, ವರ್ಷಕ್ಕೊಮ್ಮೆ ಆಡಿಟ್ ಆಗುತ್ತೆ. ಕೊನೆಗೊಂದು ದಿನ ಯಾರೋ ಬಿದ್ದೇ ಬಿದ್ರು, ನೀರಲ್ಲಿ ಜಾರಿ ಅಲ್ಲ, ಬೋರ್ಡು ಎಡವಿ. ತನಿಖಾ ವರದಿ ಬಂತು. ಮೂಲ ಕಾರಣ: ವ್ಯಕ್ತಿಯ ಗಮನ ಬೇರೆಡೆ ಇತ್ತು. ಕೈಗೊಂಡ ಕ್ರಮ: ವ್ಯಕ್ತಿಗೆ ಮರು ತರಬೇತಿ, ಬೋರ್ಡಿಗೆ ಪ್ರತ್ಯೇಕ ರಿಸ್ಕ್ ಅಸೆಸ್‌ಮೆಂಟ್, ಬೋರ್ಡು ಇದೆ ಅಂತ ಮೊದಲೇ ತಿಳಿಸೋಕೆ ಎರಡು ಮೀಟರ್ ದೂರದಲ್ಲಿ ಇನ್ನೊಂದು ಬೋರ್ಡು. ಛಾವಣಿ: ಮುಂದಿನ ಸಭೆಗೆ.