ಕಣ್ಣಿಗೆ ಒಂದೇ 'ಕೊಡ', ಗಿಟ್‌ಗೆ ಬೇರೆ ಬೇರೆ

ನಾವು ಐದು ಜನ ಸೇರಿ ಊರ ಕಡೆಯ ಮಾತಿನ ಪದಗಳನ್ನು ಕೂಡಿಹಾಕುತ್ತಿದ್ದೇವೆ. ಎಲ್ಲ ಒಂದು ಗಿಟ್ ರೆಪೊದಲ್ಲಿದೆ, ಅಂದರೆ ಯಾರು ಏನು ಬದಲಿಸಿದರು ಅನ್ನುವುದನ್ನೆಲ್ಲ ಉಳಿಸಿಡುವ ಗಿಟ್ ಸಾಫ್ಟ್‌ವೇರಿನ ಸಂಗ್ರಹದಲ್ಲಿ. ಹಳೆಯ ಫೈಲ್‌ಗಳು ನುಡಿ ಆಸ್ಕಿಯಲ್ಲಿದ್ದವು (ನುಡಿ ಸಾಫ್ಟ್‌ವೇರಿನ ಹಳೆ ಫಾಂಟಿಗೆ ಮಾತ್ರ ಹೊಂದುವ ಬರಹ), ಯೂನಿಕೋಡ್‌ಗೆ ತರಬೇಕಿತ್ತು. "ಭಾನುವಾರದೊಳಗೆ ಎಲ್ಲರೂ ನಿಮ್ಮ ನಿಮ್ಮ ಕಾಪಿ ಕನ್ವರ್ಟ್ ಮಾಡ್ಕೊಳ್ಳಿ" ಅಂತ ವಾಟ್ಸಾಪ್‌ನಲ್ಲಿ ಹಾಕಿದೆವು. ಮೂವರು ಮಾಡಿಯೂ ಮಾಡಿದರು. ಸೋಮವಾರ ಎಲ್ಲರದನ್ನೂ ಒಂದುಗೂಡಿಸಲು, ಅಂದರೆ ಮರ್ಜ್ ಮಾಡಲು ಕೂತರೆ ಫೈಲ್ ತುಂಬಾ ಕಾನ್‌ಫ್ಲಿಕ್ಟ್! ಒಂದೇ ಸಾಲು ಎರಡು ಕಡೆ ಬೇರೆ ಬೇರೆ ಇದೆ ಅಂತ ಗಿಟ್ ತಕರಾರು.

ನೋಡಿದರೆ ಎರಡೂ ಕಡೆ ಸಾಲು ಒಂದೇ. ಅಲ್ಲೂ 'ಕೊಡ', ಇಲ್ಲೂ 'ಕೊಡ'. ತಲೆ ಕೆಟ್ಟುಹೋಯಿತು. ಕೊನೆಗೆ ಬೈಟ್, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಖ್ಯೆಗಳನ್ನೇ ತೆಗೆದು ನೋಡಿದಾಗ ಗೊತ್ತಾಯಿತು. ನುಡಿಯ ಹಳೆ ಫಾಂಟಿನಲ್ಲಿ 'ಕೊ' ಅಂದರೆ 'ಕೆ' ಬರೆದು ಅದರ ಪಕ್ಕ 'ೂ' ಚಿಹ್ನೆ ಇಟ್ಟದ್ದು. ಒಬ್ಬರ ಕನ್ವರ್ಟರ್ ಅದನ್ನು ಹಾಗೇ ಎರಡು ಚಿಹ್ನೆಯಾಗಿ ಬಿಟ್ಟಿತ್ತು, ಇನ್ನೊಬ್ಬರದು ಒಂದೇ ಚಿಹ್ನೆ ಮಾಡಿತ್ತು. ಯೂನಿಕೋಡ್ ಲೆಕ್ಕದಲ್ಲಿ ಎರಡೂ ಸಮ, ಆದರೆ ಗಿಟ್ ನೋಡುವುದು ಬೈಟ್ ಮಾತ್ರ.

ಗಿಟ್‌ನಲ್ಲಿ 'ಎಲ್ಲರೂ ಒಂದೇ ದಿನ' ಅನ್ನುವುದು ನಡೆಯುವುದಿಲ್ಲ ಅಂತ ನನಗೆ ಈಗ ಖಾತ್ರಿ. ಪ್ರತಿ ಕ್ಲೋನೂ (ಒಬ್ಬೊಬ್ಬರ ಬಳಿಯ ಪ್ರತಿ) ತಾನೇ ಒಂದು ಪೂರ್ತಿ ರೆಪೊ ಅಲ್ವಾ? ಯಾರು ಯಾವಾಗ ಪುಲ್ ಮಾಡಿ ಹೊಸದನ್ನು ತಂದುಕೊಳ್ತಾರೋ ಯಾರಿಗೆ ಗೊತ್ತು. ಹಾಗಾಗಿ ತಾರೀಕು ಗೊತ್ತು ಮಾಡುವುದು ಸುಮ್ನೆ. ಕನ್ವರ್ಟ್ ಮಾಡುವ ಸ್ಕ್ರಿಪ್ಟನ್ನೇ ರೆಪೊದೊಳಗೆ ಇಡಬೇಕು, ಒಬ್ಬರೇ ಒಂದು ಕಮಿಟ್‌ನಲ್ಲಿ (ಗಿಟ್ ಒಟ್ಟಿಗೆ ದಾಖಲಿಸುವ ಒಂದು ಬದಲಾವಣೆಯಲ್ಲಿ) ಕನ್ವರ್ಟ್ ಮಾಡಬೇಕು, ಆ ಕಮಿಟ್‌ನಲ್ಲಿ ಬೇರೆ ಒಂದು ಅಕ್ಷರವನ್ನೂ ತಿದ್ದಬಾರದು. ಸ್ಕ್ರಿಪ್ಟ್ ಕೊನೆಯಲ್ಲಿ ಎನ್‌ಎಫ್‌ಸಿ (ಸಮವಾದ ರೂಪಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ಕ್ರಮ) ಮಾಡಿ ಎಲ್ಲ 'ೊ'ಗಳನ್ನೂ ಒಂದೇ ಚಿಹ್ನೆಗೆ ತರಬೇಕು. ಫೈಲಿನ ಮೊದಲ ಸಾಲಿನಲ್ಲಿ ಫಾರ್ಮ್ಯಾಟ್ ನಂಬರ್ ಇರಲಿ, ಈಗಾಗಲೇ ಹೊಸದಾಗಿದ್ದರೆ ಸ್ಕ್ರಿಪ್ಟ್ ಅದನ್ನು ಮುಟ್ಟದಿರಲಿ.

ಹಳೆ ಬ್ರಾಂಚ್, ಅಂದರೆ ಕನ್ವರ್ಟ್‌ಗೆ ಮೊದಲು ಕವಲೊಡೆದ ತಮ್ಮದೇ ಪ್ರತಿ ಇಟ್ಟುಕೊಂಡವರು ಏನು ಮಾಡಬೇಕು? ಕನ್ವರ್ಟ್ ಕಮಿಟ್‌ಗಿಂತ ಹಿಂದಿನ ಕಮಿಟ್‌ವರೆಗೆ ಮೊದಲು ಮರ್ಜ್ ಮಾಡಿಕೊಳ್ಳಿ. ಆಮೇಲೆ ಅದೇ ಸ್ಕ್ರಿಪ್ಟನ್ನು ನಿಮ್ಮ ಬ್ರಾಂಚ್ ಮೇಲೆ ಓಡಿಸಿ ಕಮಿಟ್ ಮಾಡಿ. ನಂತರ ಕನ್ವರ್ಟ್ ಕಮಿಟ್ ಒಂದನ್ನು ಮಾತ್ರ 'ಅವರ್ಸ್' (ನಮ್ಮದೇ ಇರಲಿ) ಸ್ಟ್ರಾಟಜಿಯಲ್ಲಿ ಮರ್ಜ್ ಮಾಡಿ. ಅದರ ಕೆಲಸ ನಿಮ್ಮ ಕಡೆ ಆಗಲೇ ಆಗಿದೆ ತಾನೆ, ಗಿಟ್‌ಗೆ ಅದನ್ನು ಹೇಳಿದರೆ ಸಾಕು. ಉಳಿದದ್ದು ಎಂದಿನಂತೆ.

ಇನ್ನೊಂದು. ಕನ್ವರ್ಟ್ ಆದ ಮೇಲೆ ಬ್ಲೇಮ್ (ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಅಂತ ತೋರಿಸುವ ಗಿಟ್ ಆಜ್ಞೆ) ನೋಡಿದರೆ ಎಲ್ಲ ಪದವೂ ಸ್ಕ್ರಿಪ್ಟ್ ಓಡಿಸಿದವರ ಹೆಸರಿಗೇ ಬರುತ್ತದೆ. ಯಾವ ಪದ ಯಾರು ತಂದರು ಅನ್ನುವುದು ನಮಗೆ ತುಂಬಾ ಮುಖ್ಯ. 2019ರ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಬ್ಲೇಮ್‌ನಲ್ಲಿ ಬಿಟ್ಟುಬಿಡುವ ಸೌಲಭ್ಯ ಇದೆ, ದಯವಿಟ್ಟು ಬಳಸಿ.

ನಾವು ಹಿಂದಕ್ಕೆ ಹೋಗಿ ಹೀಗೇ ಮತ್ತೆ ಮಾಡಿದೆವು. ಶಿರಸಿ ಕಡೆಯ ಗೆಳೆಯರೊಬ್ಬರು ಎರಡು ತಿಂಗಳು ನೆಟ್ ಇಲ್ಲದೆ ಹಳೆ ಫಾರ್ಮ್ಯಾಟಿನಲ್ಲೇ ಪದ ಸೇರಿಸುತ್ತಿದ್ದರು. ಹೋದ ವಾರ ಅವರ ಬ್ರಾಂಚ್ ಬಂತು. ನಿಜವಾದ ಕಾನ್‌ಫ್ಲಿಕ್ಟ್ ಇದ್ದದ್ದು ಎರಡೇ ಪದಕ್ಕೆ. ಅವುಗಳ ಅರ್ಥದ ಬಗ್ಗೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆವು.